ಮುರಕಲ್ಲಿನ ಹುಡಿ ಎಷ್ಟು ರಂಜಕ ಹಿಡಿದೀತು?

ಗಣಿ, ಕೋರೆಗಳಲ್ಲಿ ಉಳಿಯುವ ತ್ಯಾಜ್ಯವನ್ನು ಕೊಳಚೆ ನೀರಿನಲ್ಲಿದ್ದು ಕೆರೆಗಳಲ್ಲಿ ಪಾಚಿ ಬೆಳೆಸುವ ರಂಜಕವನ್ನು ತೆಗೆಯಲು ಬಳಸಬಹುದೇ ಎಂದು ಮಂಗಳೂರು, ಉಡುಪಿ ಕಡೆಯ ಓದುಗರು ಕೇಳಿದ್ದಾರೆ. ಈ ಸಲದ ಅಂಕಣ ಆ ಪ್ರಶ್ನೆಗಳಿಗೇ ಮೀಸಲು.

ಮುರಕಲ್ಲಿನ ಕೋರೆಯಲ್ಲಿ ಕಲ್ಲು ಕಡಿದ ಮೇಲೆ ಹುಡಿ, ಚೂರು ರಾಶಿ ಬೀಳುತ್ತದೆ. ಅದು ನೀರಿನ ಫಾಸ್ಫೇಟನ್ನು, ಅಂದರೆ ಕರಗಿದ ರೂಪದ ರಂಜಕವನ್ನು, ಹೀರಿಕೊಳ್ಳುತ್ತದೆ ಎಂದು ಓದಿದ್ದೇನೆ. ಕೊನೆಯ ವರ್ಷದ ಪ್ರಾಜೆಕ್ಟಿಗೆ ಈ ವಿಷಯ ಆದೀತೇ? ಪರೀಕ್ಷೆ ಹೇಗೆ ಮಾಡಲಿ?
— ಎಂಜಿನಿಯರಿಂಗ್ ವಿದ್ಯಾರ್ಥಿನಿ, ಸುರತ್ಕಲ್

ಖಂಡಿತ ಆದೀತು. ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಪದದಿಂದ ಫ್ರಾನ್ಸಿಸ್ ಬುಕನನ್ 1807ರಲ್ಲಿ ಲ್ಯಾಟರೈಟ್ ಎಂದು ಹೆಸರಿಟ್ಟದ್ದು ಇದೇ ಜಾತಿಯ ಕಲ್ಲಿಗೆ. ಲಕ್ಷಾಂತರ ವರ್ಷ ಮಳೆ ತೊಳೆದು ತೊಳೆದು ಸಿಲಿಕಾ, ಸುಣ್ಣ ಎಲ್ಲ ಹರಿದುಹೋಗಿ ಕಬ್ಬಿಣ ಮತ್ತು ಅಲ್ಯುಮಿನಿಯಂನ ಆಕ್ಸೈಡುಗಳು ಉಳಿದ ಕಲ್ಲು ಇದು. ಆ ಆಕ್ಸೈಡುಗಳ ಮೈಮೇಲೆ ಹೈಡ್ರಾಕ್ಸಿಲ್ ಗುಂಪುಗಳಿವೆ. ಫಾಸ್ಫೇಟ್ ಬಂದು ಅವನ್ನು ಹೊರದಬ್ಬಿ ಅದೇ ಜಾಗದಲ್ಲಿ ಗಟ್ಟಿಯಾಗಿ ಕೂರುತ್ತದೆ. ಹಾಗಾಗಿ ನೀರಿನ ಪಿಎಚ್ ಕಡಿಮೆ ಇದ್ದಷ್ಟೂ ಹಿಡಿತ ಹೆಚ್ಚು, 8 ದಾಟಿದರೆ ಸಡಿಲ.

ಮೊದಲ ಕೆಲಸ ಕೋರೆಯಲ್ಲೇ ಇದೆ. ಮೇಲಿನ ಪದರದ ಗಾಢ ಕೆಂಪಿನ, ತೂತುತೂತಾದ ಗಟ್ಟಿ ಕಲ್ಲಿನ ಚೂರು ಬೇಕು. ಕೆಳಗೆ ಹೋದಂತೆ ಸಿಗುವ ಬಿಳಿ, ಹಳದಿ, ನಸುಗೆಂಪು ಶೇಡಿ ಮಣ್ಣು ಒಂದಿಷ್ಟೂ ಬೆರೆಯಬಾರದು. ಶೇಡಿ ಅಂದರೆ ಜೇಡಿ. ನೀರು ಬಿದ್ದರೆ ಕೆಸರಾಗಿ ಸೋಸುಕದ ಕಣ್ಣು ಮುಚ್ಚಿಸುತ್ತದೆ. ಮಿಷನ್ನಿನಲ್ಲಿ ಕಡಿದಾಗ ಬೀಳುವ ನಯವಾದ ಹುಡಿಯೂ ಹಾಗೇ: ಬಾಟಲಿಯಲ್ಲಿ ಅದ್ಭುತ ಫಲಿತಾಂಶ ಕೊಟ್ಟು, ಪೈಪಿಗೆ ತುಂಬಿದ ಮರುದಿನ ನೀರು ಇಳಿಯದಂತೆ ಮಾಡುತ್ತದೆ. 5 ಮಿ.ಮೀ. ಜರಡಿಯಲ್ಲಿ ಇಳಿದು 2 ಮಿ.ಮೀ. ಜರಡಿಯ ಮೇಲೆ ನಿಂತದ್ದನ್ನು ಮಾತ್ರ ತೆಗೆದುಕೊಳ್ಳಿ. ನೀರು ತಿಳಿಯಾಗುವವರೆಗೆ ತೊಳೆದು ಒಣಗಿಸಿ. ತೊಳೆಯುವ ಮೊದಲು ಎಷ್ಟಿತ್ತು, ತೊಳೆದು ಉಳಿದದ್ದೆಷ್ಟು ಎಂದು ತೂಗಿ ಬರೆದಿಡಿ. ದೊಡ್ಡ ಮಟ್ಟದಲ್ಲಿ ಮಾಡುವವರಿಗೆ ಆ ಅಂಕಿಯೇ ಮೊದಲು ಬೇಕಾಗುವುದು.

ಇನ್ನು ಬಾಟಲಿ ಪರೀಕ್ಷೆ. ಒಣಗಿಸಿದ ಪೊಟ್ಯಾಸಿಯಂ ಡೈಹೈಡ್ರೋಜನ್ ಫಾಸ್ಫೇಟ್ 4.39 ಗ್ರಾಂ ಒಂದು ಲೀಟರ್ ನೀರಿನಲ್ಲಿ ಕರಗಿಸಿದರೆ ಲೀಟರಿಗೆ 1000 ಮಿ.ಗ್ರಾಂ ರಂಜಕದ ದ್ರಾವಣ. ಅದನ್ನು ತೆಳು ಮಾಡಿ ಲೀಟರಿಗೆ 1, 5, 10, 20, 40 ಮಿ.ಗ್ರಾಂ ಇರುವ ಐದು ದ್ರಾವಣ ಮಾಡಿ. ಪ್ರತಿ ಬಾಟಲಿಗೆ 200 ಮಿ.ಲೀ. ದ್ರಾವಣ, 10 ಗ್ರಾಂ ಕಲ್ಲು. ಜೊತೆಗೆ ಕಲ್ಲಿಲ್ಲದ ಒಂದು ಬಾಟಲಿ, ರಂಜಕವಿಲ್ಲದೆ ಕಲ್ಲು ಮಾತ್ರ ಇರುವ ಇನ್ನೊಂದು. 24 ಗಂಟೆ ಕುಲುಕಿ, 0.45 ಮೈಕ್ರಾನ್ ಕಾಗದದಲ್ಲಿ ಸೋಸಿ, ಮಾಲಿಬ್ಡಿನಂ ನೀಲಿ ವಿಧಾನದಲ್ಲಿ 880 ನ್ಯಾನೋಮೀಟರಿನಲ್ಲಿ ಅಳೆಯಿರಿ. 10 ಇದ್ದದ್ದು 2ಕ್ಕೆ ಇಳಿದರೆ 8 ಮಿ.ಗ್ರಾಂ × 0.2 ಲೀಟರ್ = 1.6 ಮಿ.ಗ್ರಾಂ ಹಿಡಿದಂತಾಯಿತು. 10 ಗ್ರಾಂ ಕಲ್ಲಿಗೆ ಭಾಗಿಸಿದರೆ ಗ್ರಾಂಗೆ 0.16 ಮಿ.ಗ್ರಾಂ.

ಎಡವುವುದು ಎಲ್ಲಿ? ಗಾಜಿನ ಸಾಮಾನನ್ನು ಸಾಬೂನು ಹುಡಿಯಲ್ಲಿ ತೊಳೆಯುವುದರಲ್ಲಿ. ಸಾಬೂನಿನ ಫಾಸ್ಫೇಟೇ ಅಳತೆಗೆ ಬಂದುಬಿಡುತ್ತದೆ. ತೆಳು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ತೊಳೆದು ಡಿಸ್ಟಿಲ್ಡ್ ನೀರಿನಲ್ಲಿ ಜಾಲಿಸಿ. ಎರಡನೆಯದು ಏಕಮಾನದ ಗೊಂದಲ. ಲ್ಯಾಬಿನ ವರದಿಯಲ್ಲಿ 'ಫಾಸ್ಫೇಟ್' ಎಂದಿದ್ದರೆ ಅದನ್ನು 0.326ರಿಂದ ಗುಣಿಸಿದಾಗ ರಂಜಕ ಸಿಗುತ್ತದೆ. ಇದನ್ನು ಮರೆತು ಮೂರು ಪಟ್ಟು ತಪ್ಪಿದ ಲೆಕ್ಕಗಳು ಬೇಕಾದಷ್ಟಿವೆ. ಮೂರನೆಯದು, ಡಿಸ್ಟಿಲ್ಡ್ ನೀರಿನಲ್ಲಿ ಮಾತ್ರ ಪರೀಕ್ಷಿಸಿ ತೃಪ್ತಿಪಡುವುದು. ನಿಜವಾದ ಕೊಳಚೆಯಲ್ಲಿರುವ ಬೈಕಾರ್ಬೊನೇಟ್, ಸಿಲಿಕೇಟ್, ಸಾವಯವ ಪದಾರ್ಥಗಳೂ ಅದೇ ಜಾಗಕ್ಕೆ ಪೈಪೋಟಿ ಮಾಡುತ್ತವೆ. ಯಾವುದಾದರೂ ಎಸ್‌ಟಿಪಿಯ (ಕೊಳಚೆ ನೀರು ಶುದ್ಧಮಾಡುವ ಘಟಕದ) ಹೊರನೀರಿನಲ್ಲೂ ಇದೇ ಪರೀಕ್ಷೆ ಮಾಡಿ, ಎರಡೂ ಅಂಕಿ ಪಕ್ಕಪಕ್ಕ ಕೊಡಿ. 40 ಮಿ.ಗ್ರಾಂ ದ್ರಾವಣದಲ್ಲಿ ಸಿಕ್ಕಿದ ದೊಡ್ಡ ಅಂಕಿಯನ್ನು 5 ಮಿ.ಗ್ರಾಂ ನೀರಿಗೆ ಹಚ್ಚಲೇಬೇಡಿ.

ಬಾಟಲಿ ಮುಗಿದ ಮೇಲೆ ಪೈಪು. 4 ಇಂಚಿನ ಪಿವಿಸಿ ಪೈಪಿನಲ್ಲಿ 80 ಸೆಂ.ಮೀ. ಎತ್ತರಕ್ಕೆ ತುಂಬಿದರೆ ಸುಮಾರು 8 ಕಿಲೋ ಕಲ್ಲು ಹಿಡಿಯುತ್ತದೆ. ಗಂಟೆಗೆ 3 ಲೀಟರ್ ಬಿಡಿ. ಕಲ್ಲಿಲ್ಲದೆ ಖಾಲಿ ಇದ್ದಿದ್ದರೆ ಆ ಜಾಗ ದಾಟಲು ನೀರಿಗೆ ಸುಮಾರು ಎರಡು ಗಂಟೆ ಬೇಕಾಗುವ ಲೆಕ್ಕ ಇದು. ಕಿಲೋ ಕಲ್ಲಿಗೆ ಅರ್ಧದಿಂದ ಒಂದು ಗ್ರಾಂ ರಂಜಕ ಎಂದು ಅಂದಾಜು ಹಿಡಿದರೆ, 5 ಮಿ.ಗ್ರಾಂ ನೀರು 11ರಿಂದ 22 ದಿನಗಳಲ್ಲಿ ಆ ಕಲ್ಲನ್ನು ಮುಗಿಸುತ್ತದೆ. ಸೆಮಿಸ್ಟರಿನೊಳಗೆ ಮುಗಿಯುವ ಕೆಲಸ.

ನಮ್ಮದು 60 ಮನೆಗಳ ಅಪಾರ್ಟ್‌ಮೆಂಟ್. ಎಸ್‌ಟಿಪಿಯಿಂದ ದಿನಕ್ಕೆ 30 ಸಾವಿರ ಲೀಟರ್ ನೀರು ಬರುತ್ತದೆ, ರಂಜಕ 5 ಮಿ.ಗ್ರಾಂ ಇದೆ. ಇದನ್ನು 1ಕ್ಕೆ ಇಳಿಸಬೇಕೆಂದಿದ್ದೇವೆ. ಒಂದು ಟನ್ ಮುರಕಲ್ಲಿನ ಫಿಲ್ಟರ್ ಹಾಕಿದರೆ ವರ್ಷಗಟ್ಟಲೆ ನೋಡಬೇಕಿಲ್ಲ ಎಂದು ಗುತ್ತಿಗೆದಾರರು ಹೇಳುತ್ತಾರೆ. ನಂಬಬಹುದೇ?
— ನಿವಾಸಿಗಳ ಸಂಘದ ಕಾರ್ಯದರ್ಶಿ, ಕದ್ರಿ

ನಂಬಬೇಡಿ. ಲೆಕ್ಕ ನೀವೇ ಮಾಡಿ. ಲೀಟರಿಗೆ 4 ಮಿ.ಗ್ರಾಂ ತೆಗೆಯಬೇಕು, 30 ಸಾವಿರ ಲೀಟರಿಗೆ ದಿನಕ್ಕೆ 120 ಗ್ರಾಂ. ಒಂದು ಟನ್ ಮುರಕಲ್ಲು ಅರ್ಧದಿಂದ ಒಂದು ಕಿಲೋ ರಂಜಕ ಹಿಡಿದರೆ ನಾಲ್ಕರಿಂದ ಎಂಟು ದಿನಕ್ಕೆ ಅದರ ಕತೆ ಮುಗಿಯಿತು. ವರ್ಷಕ್ಕೆ ತೆಗೆಯಬೇಕಾದ ರಂಜಕ ಸುಮಾರು 44 ಕಿಲೋ, ಅದಕ್ಕೆ ಕಡಿಮೆಯೆಂದರೂ 44 ಟನ್ ಕಲ್ಲು. ಅಷ್ಟನ್ನು ತರುವ, ತುಂಬುವ, ತೆಗೆದು ಸಾಗಿಸುವ ಖರ್ಚು ನಿಮ್ಮ ಸಂಘಕ್ಕೆ ಬೇಡ.

ನಿಮ್ಮ ಪ್ರಮಾಣಕ್ಕೆ ಆಲಂ, ಅಂದರೆ ಪಟಿಕವೇ ಸರಿ. ಒಂದು ಗ್ರಾಂ ರಂಜಕಕ್ಕೆ ಸುಮಾರು 20 ಗ್ರಾಂ ಆಲಂ ಎಂದು ಶುರು ಮಾಡಬಹುದು. ನಿಮಗೆ ದಿನಕ್ಕೆ 2.4 ಕಿಲೋ. ಶೇಕಡಾ 10ರ ದ್ರಾವಣ ಮಾಡಿದರೆ 24 ಲೀಟರ್, ಸಣ್ಣ ಡೋಸಿಂಗ್ ಪಂಪಿನ ಕೆಲಸ. ಗಾಳಿ ಊದುವ ತೊಟ್ಟಿಯಿಂದ ಕ್ಲಾರಿಫೈಯರಿಗೆ (ಕೆಸರು ತಳ ಕೂರುವ ತೊಟ್ಟಿಗೆ) ನೀರು ಹೋಗುವ ಜಾಗದಲ್ಲಿ, ಚೆನ್ನಾಗಿ ಕದಡುವಲ್ಲಿ ಬಿಡಿ. ಒಂದು ಎಚ್ಚರಿಕೆ: ಈ ಪ್ರಮಾಣದಲ್ಲಿ ಲೀಟರಿಗೆ 80 ಮಿ.ಗ್ರಾಂ ಆಲಂ ಬಿದ್ದ ಹಾಗೆ, ಅದು ಸುಮಾರು 40 ಮಿ.ಗ್ರಾಂ ಕ್ಷಾರತೆಯನ್ನು ನುಂಗುತ್ತದೆ. ನಮ್ಮ ಮುರಕಲ್ಲು ನೆಲದ ಬಾವಿ ನೀರು ಮೊದಲೇ ಮೆದು, ಆಮ್ಲೀಯ. ಕ್ಷಾರತೆ ತಳ ಮುಟ್ಟಿದರೆ ಪಿಎಚ್ ಕುಸಿದು ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾಗಳು ಕೆಲಸ ನಿಲ್ಲಿಸುತ್ತವೆ. ಹಾಗಾಗಿ ಮೊದಲು ಆರು ಬೀಕರುಗಳಲ್ಲಿ ಬೇರೆ ಬೇರೆ ಪ್ರಮಾಣ ಹಾಕಿ ನೋಡಿ, ಪ್ರತಿ ಬೀಕರಿನ ಪಿಎಚ್ ಬರೆದುಕೊಳ್ಳಿ. ಕೆಸರು ಹೆಚ್ಚುತ್ತದೆ, ಅದನ್ನು ತೆಗೆಸುವ ವ್ಯವಸ್ಥೆಯೂ ಹೆಚ್ಚಬೇಕು.

ಆಲಂಗೂ ಮೊದಲು ಕೆಸರಿನ ತೊಟ್ಟಿ ನೋಡಿ. ವಾರಗಟ್ಟಲೆ ಗಾಳಿಯಿಲ್ಲದೆ ಕೊಳೆತ ಕೆಸರಿನ ಮೇಲ್ನೀರನ್ನು ಮತ್ತೆ ಪ್ಲಾಂಟಿನ ಮೊದಲ ತೊಟ್ಟಿಗೆ ಬಿಡುತ್ತಿದ್ದರೆ, ತೆಗೆದ ರಂಜಕ ಅಲ್ಲಿಂದಲೇ ತಿರುಗಿ ಬರುತ್ತಿರುತ್ತದೆ. ಕೆಸರನ್ನು ಬೇಗ ಬೇಗ ಹೊರಹಾಕಿದರೆ ಖರ್ಚಿಲ್ಲದೆ ಒಂದಿಷ್ಟು ಇಳಿಯುತ್ತದೆ. ಇನ್ನು, ಮಾಲಿನ್ಯ ನಿಯಂತ್ರಣ ಮಂಡಳಿ ನಿಮಗೆ ಕೊಟ್ಟ ಸಮ್ಮತಿ ಪತ್ರದಲ್ಲಿ ಬರೆದಿರುವ ಮಿತಿಯನ್ನೂ ತೆಗೆದು ಓದಿ. 1986ರ ಪರಿಸರ ಸಂರಕ್ಷಣಾ ನಿಯಮಗಳ ಸಾಮಾನ್ಯ ಮಾನದಂಡದಲ್ಲಿ ಒಳನಾಡಿನ ನೀರಿಗೆ ಬಿಡುವಾಗ ಕರಗಿದ ಫಾಸ್ಫೇಟ್, ರಂಜಕದ ಲೆಕ್ಕದಲ್ಲಿ, ಲೀಟರಿಗೆ 5 ಮಿ.ಗ್ರಾಂ. ಆದರೂ 1ಕ್ಕೆ ಇಳಿಸಬೇಕೆನ್ನುವ ನಿಮ್ಮ ನಿರ್ಧಾರ ಒಳ್ಳೆಯದು. ನಿಂತ ಸಿಹಿನೀರಿಗೆ ಹೋಗುವುದಾದರೆ 5 ಬಹಳ ಹೆಚ್ಚು.

ಹಾಗಾದರೆ ಮುರಕಲ್ಲು ಯಾರಿಗೆ ಉಪಯೋಗ? ನಮ್ಮ ಮನೆಯಲ್ಲಿ ಐದು ಜನ. ಬಚ್ಚಲು, ಬಟ್ಟೆ ಒಗೆದ ನೀರು ದಿನಕ್ಕೆ 400 ಲೀಟರ್ ತೋಡಿಗೆ ಹೋಗುತ್ತದೆ. ಕಕ್ಕಸಿನ ನೀರು ಬೇರೆ. ಹತ್ತಿರದಲ್ಲೇ ಕೋರೆ ಇದೆ.
— ಕೃಷಿಕರು, ಕಟಪಾಡಿ

ನಿಮ್ಮಂಥವರಿಗೇ ಉಪಯೋಗ. ನೀರು ಕಡಿಮೆ, ಕಲ್ಲು ಪಕ್ಕದಲ್ಲಿ, ಸುತ್ತ ಜಾಗ. ನಿಮ್ಮ ನೀರಿನಲ್ಲಿ ಲೀಟರಿಗೆ 3 ಮಿ.ಗ್ರಾಂ ರಂಜಕ ಇದೆ ಎಂದಿಟ್ಟುಕೊಳ್ಳೋಣ. ಬಳಸುವ ಸಾಬೂನು ಹುಡಿಯ ಮೇಲೆ ಇದು ಬಹಳ ಬದಲಾಗುತ್ತದೆ, ಒಮ್ಮೆ ಅಳೆಸಿ. ದಿನಕ್ಕೆ 1.2 ಗ್ರಾಂ, ವರ್ಷಕ್ಕೆ 438 ಗ್ರಾಂ. ಕಿಲೋಗೆ ಅರ್ಧ ಗ್ರಾಂ ಎಂದು ಕೈ ಬಿಗಿಹಿಡಿದು ಲೆಕ್ಕ ಹಾಕಿದರೂ 900 ಕಿಲೋ ಕಲ್ಲು ಒಂದು ವರ್ಷ ಬರುತ್ತದೆ. ಜಾಗದ ಲೆಕ್ಕದಲ್ಲಿ ಮುಕ್ಕಾಲು ಘನ ಮೀಟರ್.

ಬಾವಿಗೆ ಹಾಕುವ 3 ಅಡಿ ಅಗಲದ ಸಿಮೆಂಟ್ ರಿಂಗಿನಿಂದ ಎರಡು ತೊಟ್ಟಿ ಮಾಡಿ. ತಳಕ್ಕೆ ಕಾಂಕ್ರೀಟ್, ಅದರ ಮೇಲೆ ತೂತು ಕೊರೆದ 2 ಇಂಚಿನ ಪೈಪ್. ಪೈಪಿನ ಒಂದು ತುದಿ ಹೊರಗೆ, ಇನ್ನೊಂದು ತುದಿಯನ್ನು ಗೋಡೆಗುಂಟ ಮೇಲಕ್ಕೆತ್ತಿ ಬಾಯಿ ತೆರೆದಿಡಿ, ಗಾಳಿ ಒಳಗಿಳಿಯಲಿ. ಪೈಪು ಮುಚ್ಚುವಂತೆ 15 ಸೆಂ.ಮೀ. ಕಗ್ಗಲ್ಲಿನ 20 ಮಿ.ಮೀ. ಜೆಲ್ಲಿ. ಅದರ ಮೇಲೆ 60 ಸೆಂ.ಮೀ. ತೊಳೆದ ಮುರಕಲ್ಲಿನ ಚೂರು, 2ರಿಂದ 5 ಮಿ.ಮೀ. ಗಾತ್ರದ್ದು. ಮೇಲೆ ಮತ್ತೆ ಒಂದು ಗೇಣು ಜೆಲ್ಲಿ. ಮೊದಲ ತೊಟ್ಟಿಯಿಂದ ಎರಡನೆಯದಕ್ಕೆ ನೀರು ತಾನಾಗಿ ಇಳಿಯುವಷ್ಟು ಎತ್ತರದ ವ್ಯತ್ಯಾಸ ಇರಲಿ. ಗುಡ್ಡದ ಇಳಿಜಾರು ಇದ್ದರೆ ಸುಲಭ.

ನೇರ ಬಚ್ಚಲ ನೀರು ಇದಕ್ಕೆ ಬಿಡಬಾರದು. ಮೊದಲು ಎಣ್ಣೆ, ಜಿಡ್ಡು ತಡೆಯುವ ಗುಂಡಿ, ಒಂದು ದಿನದ ನೀರು ನಿಂತು ತಳ ಕೂರುವ ತೊಟ್ಟಿ, ಆಮೇಲೆ ಜೆಲ್ಲಿಯಲ್ಲಿ ಕೆಸು ಅಥವಾ ಕಾಬಾಳೆ ನೆಟ್ಟ ಪಾತಿ. ಇಷ್ಟು ದಾಟಿ ಬಂದ ನೀರು ಕಣ್ಣಿಗೆ ತಿಳಿಯಾಗಿರಬೇಕು. ಕೂದಲು, ಸಾಬೂನಿನ ನೊರೆ ಮೇಲೆ ನಿಂತರೆ ಲೋಳೆ ಕಟ್ಟಿ ಎರಡು ಮೂರು ತಿಂಗಳಲ್ಲಿ ಸೋಸುಕ ಕೆಡುತ್ತದೆ, ಕಲ್ಲಿನ ಶಕ್ತಿ ಹಾಗೇ ಉಳಿದಿರುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಗಾಳಿ. ಸೋಸುಕದಲ್ಲಿ ನೀರು ನಿಂತು ಆಮ್ಲಜನಕ ಮುಗಿದರೆ ಬ್ಯಾಕ್ಟೀರಿಯಾಗಳು ಕಲ್ಲಿನ ಕಬ್ಬಿಣವನ್ನೇ ಬಳಸಿಕೊಂಡು ಉಸಿರಾಡುತ್ತವೆ. ಕಬ್ಬಿಣ ಕರಗುತ್ತದೆ, ಅದು ಹಿಡಿದಿಟ್ಟ ರಂಜಕವೂ ಬಿಟ್ಟುಹೋಗುತ್ತದೆ. ಒಂದು ವರ್ಷ ಕೂಡಿಟ್ಟದ್ದು ಒಂದು ವಾರದಲ್ಲಿ ತೋಡು ಸೇರಬಹುದು. ಆದ್ದರಿಂದ ನೀರನ್ನು ಸದಾ ತುಂಬಿಡದೆ, 20 ಲೀಟರಿನಂತೆ ಆಗಾಗ ಸುರಿದು, ನಡುವೆ ಬಸಿಯಲು ಬಿಡಿ. ನಮ್ಮಲ್ಲಿ ಇದು ಕೆಡುವುದು ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟಿನಲ್ಲಿ. ಜಡಿಮಳೆಗೆ ಅಂತರ್ಜಲ ಅಂಗಳದ ಮಟ್ಟಕ್ಕೆ ಏರಿ, ನೆಲದೊಳಗೆ ಹೂತ ತೊಟ್ಟಿ ಹೊರಗಿನಿಂದಲೇ ತುಂಬಿಬಿಡುತ್ತದೆ. ತಳ ನೆಲಮಟ್ಟಕ್ಕಿಂತ ಮೇಲಿರಲಿ, ಮೇಲೊಂದು ಶೀಟಿನ ಮಾಡು ಇರಲಿ. ಹೊರಪೈಪಿನ ಬಾಯಲ್ಲಿ ಕಿತ್ತಳೆ ಬಣ್ಣದ ಲೋಳೆ, ಕೊಳೆತ ಮೊಟ್ಟೆಯ ವಾಸನೆ ಕಂಡರೆ ಗಾಳಿ ಸಾಲುತ್ತಿಲ್ಲ ಎಂದೇ ಅರ್ಥ. ತಕ್ಷಣ ನೀರು ನಿಲ್ಲಿಸಿ, ತೊಟ್ಟಿ ಬಸಿದು, ಒಂದು ವಾರ ಒಣಗಲು ಬಿಡಿ.

ತಿಂಗಳಿಗೊಮ್ಮೆ ಫಾಸ್ಫೇಟ್ ಕಿಟ್ಟಿನಲ್ಲಿ ಮೂರು ಕಡೆ ಅಳೆಯಿರಿ: ಒಳಬರುವ ನೀರು, ಎರಡು ತೊಟ್ಟಿಗಳ ನಡುವಿನ ನೀರು, ಹೊರಹೋಗುವ ನೀರು. ನಡುವಿನ ಅಂಕಿ ಒಳಬರುವುದರ ಮುಕ್ಕಾಲು ದಾಟಿದರೆ ಮೊದಲ ತೊಟ್ಟಿಯ ಕಲ್ಲು ಬದಲಿಸಿ. ಎರಡನೆಯ ತೊಟ್ಟಿಯ ಕಲ್ಲನ್ನು ತೆಗೆದು ಮೊದಲನೆಯದಕ್ಕೆ ತುಂಬಿ, ಹೊಸ ಕಲ್ಲು ಎರಡನೆಯದಕ್ಕೆ ಬರಲಿ. ಹೀಗೆ ಮಾಡಿದರೆ ಒಂದು ಕಲ್ಲಿನ ಪೂರ್ಣ ಶಕ್ತಿಯೂ ಬಳಕೆಯಾಗುತ್ತದೆ, ಹೊರನೀರೂ ಕೆಡುವುದಿಲ್ಲ. ಕೋರೆಯಿಂದ ಲೋಡು ತರುವಾಗ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಸಾಗಾಟ ಪರವಾನಗಿ ಬೇಕೇ ಎಂದು ಮೊದಲೇ ಕೇಳಿಕೊಳ್ಳಿ. ಮುರಕಲ್ಲು ಉಪಖನಿಜದ ಪಟ್ಟಿಯಲ್ಲಿದೆ.

ಕುದುರೆಮುಖದ ಅದಿರಿನ ತ್ಯಾಜ್ಯ ಲಕ್ಯಾ ಅಣೆಕಟ್ಟಿನ ಹಿಂದೆ ಅಷ್ಟೊಂದು ಬಿದ್ದಿದೆ. ಕಬ್ಬಿಣವೇ ಕೆಲಸ ಮಾಡುವುದಾದರೆ ಅದನ್ನೇ ಯಾಕೆ ಬಳಸಬಾರದು?
— ನಿವೃತ್ತ ಶಿಕ್ಷಕರು, ಕಾರ್ಕಳ

ಕಬ್ಬಿಣ ಎಷ್ಟಿದೆ ಎಂಬುದಕ್ಕಿಂತ ಯಾವ ರೂಪದಲ್ಲಿದೆ ಎಂಬುದು ದೊಡ್ಡದು. ಕುದುರೆಮುಖದ್ದು ಮ್ಯಾಗ್ನೆಟೈಟ್ ಅದಿರು. ಅದನ್ನು ಅರೆದು ಕಬ್ಬಿಣದ ಭಾಗವನ್ನು ಬೇರ್ಪಡಿಸಿ ಪೈಪಿನಲ್ಲಿ ಪಣಂಬೂರಿಗೆ ಕಳಿಸುತ್ತಿದ್ದರು. 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಲಕ್ಯಾದಲ್ಲಿ ಉಳಿದದ್ದು ಹೆಚ್ಚಿನಂಶ ಸಿಲಿಕಾ ಹುಡಿ. ಅದರಲ್ಲಿರುವ ಅಷ್ಟಿಷ್ಟು ಕಬ್ಬಿಣವೂ ಹೆಚ್ಚಾಗಿ ಗಟ್ಟಿ ಹರಳು, ಒಳಗೆ ರಂಧ್ರಗಳಿಲ್ಲ, ರಂಜಕ ಕೂರಲು ಮೈ ಸಾಲದು. ನಯವಾದ್ದರಿಂದ ನೀರೂ ಇಳಿಯದು. ಪಕ್ಕದಲ್ಲೇ ರಾಷ್ಟ್ರೀಯ ಉದ್ಯಾನದ ಕಾಡಿದೆ, ಆ ರಾಶಿಯನ್ನು ಕೆದಕದೆ ಬಿಡುವುದೇ ಒಳ್ಳೆಯದು.

ಗಣಿ ತ್ಯಾಜ್ಯದಲ್ಲಿ ನಿಜವಾಗಿ ಹೆಸರು ಮಾಡಿದ್ದು ಬೇರೆ. ಹಳೆಯ ಕಲ್ಲಿದ್ದಲು ಗಣಿಗಳಿಂದ ಉಕ್ಕುವ ಕಬ್ಬಿಣಯುಕ್ತ ನೀರನ್ನು ಶುದ್ಧಮಾಡುವಾಗ ತಳದಲ್ಲಿ ಕೂರುವ ಹಳದಿ-ಕಂದು ಕೆಸರು, ಓಕರ್. ಅದು ಸರಿಯಾಗಿ ಹರಳುಗಟ್ಟದ, ಹೊಸದಾಗಿ ಹುಟ್ಟಿದ ಕಬ್ಬಿಣದ ಹೈಡ್ರಾಕ್ಸೈಡ್, ಒಳಗೆಲ್ಲ ರಂಧ್ರ. ಸ್ಕಾಟ್ಲೆಂಡಿನ ಪಾಲ್ಕೆಮೆಟ್ ಮತ್ತು ಮಿಂಟೋ ಎಂಬಲ್ಲಿನ ಓಕರನ್ನು ಎಡಿನ್‌ಬರೋ ವಿಶ್ವವಿದ್ಯಾಲಯದವರು ಪರೀಕ್ಷಿಸಿದಾಗ ಪ್ರಯೋಗಾಲಯದಲ್ಲಿ ಕಿಲೋಗೆ 25 ಗ್ರಾಂ ಆಸುಪಾಸಿನ ಸಾಮರ್ಥ್ಯ ಕಂಡಿತು. ಅಮೆರಿಕದಲ್ಲೂ ಅಲ್ಲಿನ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಆಮ್ಲೀಯ ಗಣಿನೀರಿನ ಕೆಸರನ್ನು ಒಣಗಿಸಿ ಕೃಷಿ ತ್ಯಾಜ್ಯ ನೀರಿಗೆ ಬಳಸಿ ನೋಡಿದ್ದಾರೆ. ನಮ್ಮ ಕರಾವಳಿಯಲ್ಲಿ ಅಂಥ ಕಲ್ಲಿದ್ದಲು ಗಣಿ ಇಲ್ಲ, ಇರುವ ಮುರಕಲ್ಲಿನ ಶಕ್ತಿ ಅದಕ್ಕಿಂತ ಬಹಳ ಕಡಿಮೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟು ಅಲ್ಲಿನ ಅಂಕಿಯನ್ನು ಇಲ್ಲಿ ಬಳಸಿದರೆ ಸೋಸುಕ ಕಡಿಮೆಯೆಂದರೂ ಇಪ್ಪತ್ತೈದು ಪಟ್ಟು ಚಿಕ್ಕದಾದೀತು.

ಉಕ್ಕಿನ ಕಾರ್ಖಾನೆಯ ಸ್ಲ್ಯಾಗ್, ಅಲ್ಯುಮಿನಾ ಕಾರ್ಖಾನೆಯ ಕೆಂಪು ಕೆಸರು, ಇವೆರಡೂ ಅಗ್ಗಕ್ಕೆ ಸಿಗುತ್ತವೆ ಎನ್ನುತ್ತಾರೆ. ಮುರಕಲ್ಲಿಗಿಂತ ಮೇಲೇ?
— ಸಣ್ಣ ಉದ್ದಿಮೆದಾರರು, ಬೈಕಂಪಾಡಿ

ಸ್ಲ್ಯಾಗ್, ಅಂದರೆ ಉಕ್ಕು ಕರಗಿಸುವಾಗ ಉಳಿಯುವ ಕಿಟ್ಟ, ಕೆಲಸ ಮಾಡುವುದು ಸುಣ್ಣದಿಂದ. ಪಿಎಚ್ 9 ದಾಟಿದಾಗ ಕ್ಯಾಲ್ಸಿಯಂ ಫಾಸ್ಫೇಟ್ ಹರಳಾಗಿ ಬೀಳುತ್ತದೆ. ಮೊದಲ ಕೆಲವು ತಿಂಗಳು ಫಲಿತಾಂಶ ಮುರಕಲ್ಲಿಗಿಂತ ಚೆನ್ನಾಗಿಯೇ ಇರುತ್ತದೆ. ಆದರೆ ಹೊರನೀರಿನ ಪಿಎಚ್ 11, 12ರ ತನಕ ಹೋಗುತ್ತದೆ, ಬಿಡಬಹುದಾದ ಮಿತಿ 5.5ರಿಂದ 9. ಹಾಗೇ ತೋಡಿಗೆ ಬಿಟ್ಟರೆ ಮೀನು ಸಾಯುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ಸೇರಿ ಕಲ್ಲಿನ ಮೇಲೆ ಬಿಳಿ ಪೊರೆ ಕಟ್ಟಿ, ಕೊನೆಗೆ ಇಡೀ ತೊಟ್ಟಿ ಒಂದೇ ಗಟ್ಟಿಯಾಗುತ್ತದೆ. ಪಿಎಚ್ ಸರಿಪಡಿಸುವ ಎರಡನೇ ತೊಟ್ಟಿ, ಅದನ್ನು ದಿನಾ ನೋಡುವ ಜನ ಇದ್ದರೆ ಮಾತ್ರ ಯೋಚಿಸಿ.

ಕೆಂಪು ಕೆಸರು ನಮ್ಮ ರಾಜ್ಯದಲ್ಲಿ ಬೆಳಗಾವಿಯ ಅಲ್ಯುಮಿನಾ ಕಾರ್ಖಾನೆಯಲ್ಲಿ ಬರುತ್ತದೆ. ಬಾಕ್ಸೈಟನ್ನು ಕಾಸ್ಟಿಕ್ ಸೋಡಾದಲ್ಲಿ ಕರಗಿಸಿ ಉಳಿದ ಗಷ್ಟ ಅದು. ಕಬ್ಬಿಣ ಹೇರಳ, ರಂಜಕವನ್ನೂ ಚೆನ್ನಾಗಿ ಹಿಡಿಯುತ್ತದೆ. ಆದರೆ ಕ್ಷಾರ ತೀವ್ರ, ಜಿಪ್ಸಂ ಅಥವಾ ಆಮ್ಲದಿಂದ ತಣಿಸದೆ ಮುಟ್ಟುವಂತಿಲ್ಲ. ಕ್ರೋಮಿಯಂ, ವೆನೇಡಿಯಂ ಇರುತ್ತವೆ. ನೀರಿಗೆ ಲೋಹ ಎಷ್ಟು ಬಿಡುತ್ತದೆ ಎಂದು ನೋಡುವ ಲೀಚಿಂಗ್ ಪರೀಕ್ಷೆಯ ವರದಿ ಕೈಯಲ್ಲಿಲ್ಲದೆ, ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆಯಿಲ್ಲದೆ ಒಂದು ಚೀಲವನ್ನೂ ತರಬೇಡಿ. ಸಂಶೋಧನಾಲಯಕ್ಕೆ ಸರಿ, ಸಣ್ಣ ಘಟಕಕ್ಕೆ ಬೇಡ.

ನಮ್ಮ ದೇವಸ್ಥಾನದ ಕೆರೆ 20 ಮೀಟರ್ ಉದ್ದಗಲ, ಎರಡೂವರೆ ಮೀಟರ್ ಆಳ. ಬೇಸಗೆಯಲ್ಲಿ ನೀರು ಹಸಿರು ಗಂಜಿಯಾಗುತ್ತದೆ. ಮುರಕಲ್ಲಿನ ಹುಡಿಯನ್ನು ಕೆರೆಗೇ ಸುರಿದರೆ ಆದೀತೇ?
— ದೇವಸ್ಥಾನದ ಆಡಳಿತ ಮಂಡಳಿಯವರು, ಉಡುಪಿ

ಸುರಿಯಬೇಡಿ. ನೀರು ಕೆಂಪಾಗಿ ಮೀನಿನ ಕಿವಿರಿಗೆ ಹುಡಿ ಕೂರುತ್ತದೆ. ಹುಡಿ ತಳ ಸೇರಿದ ಮೇಲೆ, ಕೆಸರಿನಲ್ಲಿ ಗಾಳಿ ಇಲ್ಲವಾದ್ದರಿಂದ ಹಿಡಿದದ್ದನ್ನು ಮತ್ತೆ ಬಿಡುತ್ತದೆ.

ನೀರನ್ನು ಹೊರಗೆ ತೆಗೆದು ಸೋಸಿ ತಿರುಗಿ ಬಿಡುವುದು ಆಗುವ ಕೆಲಸ. ನಿಮ್ಮ ಕೆರೆಯಲ್ಲಿ 10 ಲಕ್ಷ ಲೀಟರ್ ನೀರಿದೆ. ಲೀಟರಿಗೆ 0.2 ಮಿ.ಗ್ರಾಂ ರಂಜಕವಿದ್ದರೆ ಒಟ್ಟು 200 ಗ್ರಾಂ. ಇಷ್ಟು ತೆಳು ನೀರಿನಲ್ಲಿ ಕಲ್ಲಿನ ಹಿಡಿತವೂ ಕಡಿಮೆ, ಕಿಲೋಗೆ 0.2 ಗ್ರಾಂ ಎಂದು ಹಿಡಿದರೂ ಒಂದು ಟನ್ ಸಾಕು. ಗಂಟೆಗೆ ಎರಡೂವರೆ ಸಾವಿರ ಲೀಟರಿನಂತೆ ದಿನಕ್ಕೆ ಆರು ಗಂಟೆ ಪಂಪು ನಡೆಸಿದರೆ ಎರಡು ತಿಂಗಳು ಚಿಲ್ಲರೆಯಲ್ಲಿ ಇಡೀ ಕೆರೆಯಷ್ಟು ನೀರು ಒಂದು ಸುತ್ತು ಬರುತ್ತದೆ. ಶಿವರಾತ್ರಿಗೆ ಮೊದಲೇ, ನೀರು ಹಸಿರಾಗುವ ಮುಂಚೆ ಶುರು ಮಾಡಬೇಕು. ಹಸಿರಾದ ಮೇಲೆ ರಂಜಕದ ಬಹುಪಾಲು ಪಾಚಿಯ ಮೈಯೊಳಗೆ ಸೇರಿರುತ್ತದೆ. ಮುರಕಲ್ಲು ಹಿಡಿಯುವುದು ಕರಗಿದ್ದನ್ನು ಮಾತ್ರ. ಹಾಗಾಗಿ ಮುಂದೊಂದು ಮರಳಿನ ಸೋಸುಕ ಇಟ್ಟು ಪಾಚಿಯನ್ನು ಅಲ್ಲೇ ತಡೆಯಿರಿ, ಮರಳು ತೊಳೆದ ನೀರನ್ನು ಕೆರೆಗೆ ಬಿಡದೆ ತೆಂಗಿನ ಬುಡಕ್ಕೆ ಬಿಡಿ.

ಪಂಪು ನಡೆಸುವ ಹೊತ್ತೂ ಮುಖ್ಯ. ಪಾಚಿ ಹಗಲು ಇಂಗಾಲದ ಡೈಆಕ್ಸೈಡ್ ಹೀರಿಕೊಳ್ಳುವುದರಿಂದ ಮಧ್ಯಾಹ್ನದ ಹೊತ್ತಿಗೆ ನೀರಿನ ಪಿಎಚ್ 9 ದಾಟಬಹುದು, ಆಗ ಮುರಕಲ್ಲು ಸೋಲುತ್ತದೆ. ರಾತ್ರಿ ಕಳೆದು ನಸುಕಿಗೆ ಪಿಎಚ್ ಅತಿ ಕಡಿಮೆ. ಬೆಳಗಿನ ಜಾವ ಎರಡರಿಂದ ಎಂಟರವರೆಗೆ ಟೈಮರ್ ಇಡಿ. ಆ ಹೊತ್ತಿಗೆ ಕೆರೆಯಲ್ಲಿ ಆಮ್ಲಜನಕವೂ ತೀರ ಕಡಿಮೆ, ಆದ್ದರಿಂದ ನೀರು ಮೇಲಿನಿಂದ ಚಿಮ್ಮಿ ಸೋಸುಕಕ್ಕೆ ಬೀಳಲಿ, ತಿರುಗಿ ಕೆರೆಗೂ ಮೆಟ್ಟಿಲ ಮೇಲಿಂದ ಹಾರಿ ಬೀಳಲಿ.

ಇಷ್ಟಾದರೂ ತಳದ ಕೆಸರು ಹಾಗೇ ಇದ್ದರೆ ಮುಂದಿನ ವರ್ಷ ಮತ್ತೆ ಹಸಿರು. ಬೇಸಗೆಯಲ್ಲಿ ಒಮ್ಮೆ ಹೂಳು ತೆಗೆಸಿ. ಭಕ್ತರು ಮೀನಿಗೆ ಹಾಕುವ ಅಕ್ಕಿ, ಹೊದಳಿನ ಒಂದು ಪಾಲು ತಿನ್ನದೆ ಕೊಳೆಯುತ್ತದೆ. ಅದಕ್ಕೆ ದಿನಕ್ಕಿಷ್ಟೇ ಎಂದು ಮಿತಿ ಮಾಡುವುದು ಒಂದು ಟನ್ ಕಲ್ಲಿಗಿಂತ ಹೆಚ್ಚು ಕೆಲಸ ಮಾಡೀತು.

ಮನೆಯ ಇಂಗುಗುಂಡಿಯಿಂದ ಬಾವಿಗೆ ರಂಜಕ ಹೋಗುತ್ತದೆಂದು ಹೆದರಿಕೆ. ಗುಂಡಿಯ ಸುತ್ತ ಮುರಕಲ್ಲಿನ ಹುಡಿ ತುಂಬಿಸಲೇ?
— ಗೃಹಿಣಿ, ಬಂಟ್ವಾಳ

ಬೇಡಮ್ಮಾ, ನಿಮ್ಮ ನೆಲವೇ ಮುರಕಲ್ಲು. ರಂಜಕವನ್ನು ಅದು ಗುಂಡಿಯ ಹತ್ತಿರದಲ್ಲೇ ಹಿಡಿದು ನಿಲ್ಲಿಸುತ್ತದೆ. ನೀವು ಹೆದರಬೇಕಾದದ್ದು ನೈಟ್ರೇಟ್ ಮತ್ತು ರೋಗಾಣುಗಳಿಗೆ. ನೈಟ್ರೇಟನ್ನು ಮುರಕಲ್ಲು ತಡೆಯುವುದಿಲ್ಲ, ಕಲ್ಲಿನ ತೂತುಗಳಲ್ಲಿ ಹರಿಯುವ ಮಳೆನೀರಿನ ಜೊತೆ ರೋಗಾಣುಗಳೂ ದೂರ ಹೋಗುತ್ತವೆ. ಮಳೆ ಹಿಡಿದ ಮೇಲೊಮ್ಮೆ, ಬೇಸಗೆಯಲ್ಲೊಮ್ಮೆ ಬಾವಿ ನೀರನ್ನು ಈ ಎರಡಕ್ಕೆ ಪರೀಕ್ಷೆ ಮಾಡಿಸಿ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿ.ಗ್ರಾಂ ಮೀರಬಾರದು, 100 ಮಿ.ಲೀ.ಯಲ್ಲಿ ಇ. ಕೋಲಿ ಒಂದೂ ಇರಬಾರದು. ಅಲ್ಲಿಯ ತನಕ ಕುದಿಸಿ ಕುಡಿಯಿರಿ.

ರಂಜಕ ತುಂಬಿದ ಕಲ್ಲನ್ನು ಅಡಿಕೆ ತೋಟಕ್ಕೆ ಗೊಬ್ಬರವಾಗಿ ಹಾಕಬಹುದೇ?
— ಅಡಿಕೆ ಬೆಳೆಗಾರರು, ಹೆಬ್ರಿ

ಗೊಬ್ಬರ ಎಂದು ಹಾಕಬೇಡಿ. ಅಡಿಕೆ ಮರಕ್ಕೆ ವರ್ಷಕ್ಕೆ ಶಿಫಾರಸು ಮಾಡಿರುವ ರಂಜಕ 40 ಗ್ರಾಂ, ಅದೂ ಪೆಂಟಾಕ್ಸೈಡ್ ಲೆಕ್ಕದಲ್ಲಿ. ಶುದ್ಧ ರಂಜಕವಾಗಿ 17 ಗ್ರಾಂ. ಕಿಲೋಗೆ ಅರ್ಧದಿಂದ ಒಂದು ಗ್ರಾಂ ಹಿಡಿದ ಕಲ್ಲಿನಿಂದ ಇಷ್ಟು ಕೊಡಲು ಮರಕ್ಕೆ 17ರಿಂದ 35 ಕಿಲೋ ಹೊರಬೇಕು, ಕೊಟ್ಟರೂ ಬೇರಿಗೆ ಸಿಗುವುದು ಅದರಲ್ಲಿ ಅಲ್ಪ ಪಾಲು. ನಮ್ಮ ಆಮ್ಲೀಯ ಕೆಂಪು ಮಣ್ಣು ಹಾಕಿದ ರಂಜಕವನ್ನೇ ಕಟ್ಟಿಹಾಕುವ ಮಣ್ಣು. ಪೂರ್ತಿ ತುಂಬದ ಕಲ್ಲು ಹಾಕಿದರೆ, ನೀವು ಕೊಟ್ಟ ಶಿಲಾರಂಜಕದಲ್ಲೂ ಅದು ಪಾಲು ಕೇಳುತ್ತದೆ. ಸ್ಕಾಟ್ಲೆಂಡಿನ ಓಕರನ್ನು ನಿಧಾನ ಗೊಬ್ಬರವಾಗಿ ಬಳಸಿ ನೋಡಿದ ಪ್ರಯೋಗಗಳಿವೆ. ಅದರಲ್ಲಿ ರಂಜಕದ ಅಂಶ ಹತ್ತಾರು ಪಟ್ಟು ಹೆಚ್ಚು, ಅದಕ್ಕೇ ಅಲ್ಲಿ ಲೆಕ್ಕ ಸರಿಹೋಗುತ್ತದೆ.

ಕಲ್ಲನ್ನು ಎರಡು ಮೂರು ತಿಂಗಳು ಬಿಸಿಲಿಗೆ ಹರಡಿ ರೋಗಾಣು ಸಾಯಲು ಬಿಟ್ಟು, ತೋಟದ ದಾರಿಗೆ, ಅಗಳಿನ ಬದುವಿಗೆ, ಅಂಗಳದ ತಗ್ಗಿಗೆ ತುಂಬಿ. ನೀರು ನಿಲ್ಲದ ಜಾಗವೇ ಆಗಬೇಕು. ಬೈಲುಗದ್ದೆ ಇದ್ದವರು ಮಾತ್ರ ಒಂದು ಪ್ರಯೋಗ ಮಾಡಬಹುದು. ಏಣೆಲಿನಲ್ಲಿ, ಅಂದರೆ ಮಳೆಗಾಲದ ಬೆಳೆಯಲ್ಲಿ, ನೀರು ನಿಂತ ಗದ್ದೆಯಲ್ಲಿ ಗಾಳಿಯಿಲ್ಲದೆ ಕಬ್ಬಿಣ ಕರಗಿ ರಂಜಕ ಬಿಡುವ ಅದೇ ಗುಣ, ಸೋಸುಕವನ್ನು ಕೆಡಿಸುವ ಗುಣ, ಅಲ್ಲಿ ಬತ್ತದ ಬೇರಿಗೆ ಅನುಕೂಲವಾಗಬಹುದು. ಮುರಕಲ್ಲಿನ ಕಬ್ಬಿಣ ಹಳೆಯದು, ಗಟ್ಟಿ ಹರಳು, ಬಿಡುವುದು ನಿಧಾನ. ಹಾಗಾಗಿ ಚೂರು ಹಾಕಿ ನೇಗಿಲಿಗೆ ಅಡ್ಡ ಮಾಡಿಕೊಳ್ಳದೆ, ಜರಡಿ ಹಿಡಿದು ಬಂದ ನಯ ಹುಡಿಯನ್ನು ಒಂದು ಸಣ್ಣ ಗದ್ದೆಗೆ ಮಾತ್ರ ಹಾಕಿ. ಪಕ್ಕದ ಗದ್ದೆಗೆ ಹಾಕದೆ ಬಿಟ್ಟು, ಎರಡರ ಮಣ್ಣನ್ನೂ ಕೊಯ್ಲಿನ ನಂತರ ಲಭ್ಯ ರಂಜಕಕ್ಕೆ ಪರೀಕ್ಷಿಸಿ.